ಪ್ರಾಚೀನ ಲೇಖನಪೀಠವೂ ಗೃಹಸ್ಥನ ಕಾಯಕವೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಣ ಗ್ರಾಮಗಳ ಹಳೆಯ ತೊಟ್ಟಿಮನೆಗಳಲ್ಲಿ, ಅಟ್ಟದ ಮೇಲೋ ನಡುಮನೆಯ ಮೂಲೆಯಲ್ಲೋ, ಓರೆಮುಚ್ಚಳದ ಗಿಡ್ಡ ಡೆಸ್ಕೊಂದು ಕಾಣಸಿಗುವುದುಂಟು. ನೆಲದ ಮೇಲೆ ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕುಳಿತು ಬರೆಯುವುದಕ್ಕಾಗಿ ಮಾಡಿದ ಪೀಠ ಅದು. ಮುಚ್ಚಳವನ್ನೆತ್ತಿದರೆ ಒಳಗೆ ಲೇಖನಿಗೊಂದು ಗುಳಿ, ಮಸಿಕುಡಿಕೆಗೊಂದು ಖಾನೆ, ಕಾಗದಪತ್ರಗಳಿಗಿಷ್ಟು ಎಡೆ. ಶಾನುಭೋಗರು ಊರಿನ ಲೆಕ್ಕವನ್ನು ಬರೆದುದೂ ಸಾಹುಕಾರರು ಸಾಲದ ಪತ್ರವನ್ನು ಬರೆಸಿದುದೂ ಇಂಥವುಗಳ ಮೇಲೆಯೇ. 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, ಆ ಶಾಸನವು 1963ರಲ್ಲಿ ಜಾರಿಗೆ ಬಂದ ಮೇಲೆ, ಶಾನುಭೋಗರ ಪೀಠಗಳಿಗೆ ಕೆಲಸ ತಪ್ಪಿತು. ಈಗ ಪಟ್ಟಣಗಳಲ್ಲಿ ಹೊಸ ಮನೆ ಕಟ್ಟಿಸಿದವರು ಅವುಗಳನ್ನೇ ಅರಸುತ್ತ ಹಳ್ಳಿಗಳಿಗೆ ಬರುತ್ತಿದ್ದಾರೆ.

ಮನೆಗೊಂದು ಹಳೆಯ ಡೆಸ್ಕನ್ನು ಆರಿಸಿ ತರುವುದು ಕೇವಲ ಅಭಿರುಚಿಯ ಮಾತಲ್ಲವೇ, ಇದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಮನೆಯೊಳಕ್ಕೆ ಬರುವ ಪ್ರತಿಯೊಂದು ವಸ್ತುವೂ ತಾನು ಬಂದ ದಾರಿಯನ್ನೂ ತನ್ನೊಡನೆ ತರುತ್ತದೆ. ಶರಣರು ವಸ್ತುವಿನ ಅಂದಕ್ಕಿಂತ ಆ ದಾರಿಯನ್ನೇ ಹೆಚ್ಚಾಗಿ ವಿಚಾರಿಸಿದರು.

ಮೊದಲು ಪ್ರಾಚೀನವೆಂಬ ಮಾತನ್ನೇ ನೋಡಬಹುದು. ಇದೇ ಸೀಮೆಯ ಯಳಂದೂರಿನಲ್ಲಿ ನೆಲೆಸಿ ಹದಿನೇಳನೆಯ ಶತಮಾನದಲ್ಲಿ ರಾಜಶೇಖರವಿಲಾಸ, ವೃಷಭೇಂದ್ರವಿಜಯಗಳನ್ನು ರಚಿಸಿದ ಷಡಕ್ಷರದೇವನ ಕಾಲದಲ್ಲಿ ಕಾವ್ಯಗಳು ಉಳಿದು ಬರುತ್ತಿದ್ದುದು ತಾಳೆಗರಿಗಳಲ್ಲಿ. ಗರಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕಂಠದಿಂದ ಅಕ್ಷರಗಳನ್ನು ಕೊರೆಯುವವನಿಗೆ ಡೆಸ್ಕಿನ ಹಂಗಿಲ್ಲ, ತೊಡೆಯೇ ಪೀಠ. ಲೆಕ್ಕಪತ್ರಗಳನ್ನಾದರೋ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಾಗದ, ಮಸಿಗಳು ಹಳ್ಳಿಗಳಲ್ಲಿ ರೂಢಿಗೆ ಬಂದ ಮೇಲೆಯೇ ಡೆಸ್ಕಿನ ಅಗತ್ಯ ಬಲವಾಯಿತು. ಆದಕಾರಣ ನೂರು ವರ್ಷದ ಡೆಸ್ಕನ್ನು ತಂದು, ತನ್ನ ಮನೆಗೆ ಪುರಾತನರ ಸಂಪತ್ತೇ ಬಂದಿತೆಂದು ಬೀಗುವವನು ಸ್ವಲ್ಪ ಅವಸರಪಟ್ಟನೆಂದೇ ಹೇಳಬೇಕು. ಪುರಾತನರು ಉಳಿಸಿ ಹೋದುದು ಪೀಠವನ್ನಲ್ಲ, ಬರಹವನ್ನು.

ಆದರೂ ಬರೆಯುವ ಕೆಲಸಕ್ಕೆ ಶರಣಪರಂಪರೆಯಲ್ಲಿ ಗೌರವದ ಸ್ಥಾನವಿದೆ. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ, ಲೆಕ್ಕ ಬರೆಯುವವರಾಗಿ, ಕೆಲಸಕ್ಕೆ ಸೇರಿದರೆಂದು ಹರಿಹರನು ಬಸವರಾಜದೇವರ ರಗಳೆಯಲ್ಲಿ ನಿರೂಪಿಸಿದ್ದಾನೆ. ಮುಂದೆ ಭಂಡಾರಿಗಳಾದವರ ಮೊದಲ ಕಾಯಕ ಅಂಕಿಗಳನ್ನು ತಪ್ಪಿಲ್ಲದಂತೆ ಕೂಡುವುದು. ಆದುದರಿಂದ ಭಕ್ತನೊಬ್ಬನು ತನ್ನ ಮನೆಯಲ್ಲಿ ಬರೆಯುವುದಕ್ಕೆ ಒಂದು ಒಳ್ಳೆಯ ಪೀಠವಿರಲಿ ಎಂದು ಬಯಸಿದರೆ ಆ ಬಯಕೆಯಲ್ಲಿ ದೋಷವಿಲ್ಲ.

ಆರಿಸುವಾಗ ಕಣ್ಣು ತೆರೆದಿರಬೇಕು. ಬೀಟೆಯ ಮರ ತೂಕವಾದುದು. ಕಪ್ಪುಗೆಂಪು ಬಣ್ಣದ ನಡುವೆ ಕರಿಯ ಗೆರೆಗಳು ಓಡಿರುತ್ತವೆ. ತೇಗ ಅದಕ್ಕಿಂತ ಹಗುರ; ಒಳಭಾಗವನ್ನು ಸ್ವಲ್ಪ ಉಜ್ಜಿ ಮೂಸಿದರೆ ಎಣ್ಣೆಯ ವಾಸನೆ ಬರುತ್ತದೆ. ಹಲಸಿನದು ಹೊಸದಾಗಿದ್ದಾಗ ಹಳದಿ, ಕಾಲಕ್ರಮದಲ್ಲಿ ಕಂದು. ಮೇಲಣ ಹೊಳಪನ್ನು ನಂಬಿ ಮೋಸಹೋಗದೆ ಡೆಸ್ಕನ್ನು ಮಗುಚಿ ಅಡಿಯನ್ನು ನೋಡತಕ್ಕದ್ದು. ಯಾರೂ ಮೆರುಗು ಹಚ್ಚದ ಆ ಭಾಗವೇ ನಿಜವನ್ನು ಹೇಳುವುದು. ಕೈಗರಗಸದ ಗುರುತು ನೇರವಾಗಿಯೂ ಸಮವಿಲ್ಲದೆಯೂ ಇರುತ್ತದೆ. ಯಂತ್ರದ ದುಂಡುಗರಗಸದ್ದು ಕಮಾನಿನಂತೆ ಬಾಗಿರುತ್ತದೆ. ಮೂಲೆಗಳಲ್ಲಿ ಹಲಗೆಗಳನ್ನು ಹಕ್ಕಿಯ ಬಾಲದಂತೆ ಕೊರೆದು ಒಂದರೊಳಗೊಂದನ್ನು ಹೊಂದಿಸಿದ್ದರೆ ಆಚಾರಿ ಶ್ರಮಪಟ್ಟಿದ್ದಾನೆಂದು ತಿಳಿಯಬಹುದು. ಸಣ್ಣ ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದೇ ಅರ್ಥ. ಮಸಿಯ ಕಲೆಯನ್ನು ಮಾತ್ರ ಉಜ್ಜಿ ತೆಗೆಸಬಾರದು. ಅದು ಆ ಪೀಠದ ಕಾಯಕದ ಗುರುತು.

ಇನ್ನೊಂದು ಎಚ್ಚರವೂ ಅವಶ್ಯ. ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಶ್ರೀಗಂಧ, ತೇಗ, ಬೀಟೆಗಳು ಸರ್ಕಾರಕ್ಕೆ ಕಾದಿರಿಸಿದ ಮರಗಳಾಗಿದ್ದವು. ಗುಂಡ್ಲುಪೇಟೆಯ ಮಗ್ಗುಲಲ್ಲಿರುವ ಬಂಡೀಪುರದ ಅರಣ್ಯ 1973ರಿಂದ ಹುಲಿಗಳ ರಕ್ಷಣೆಗೆ ಮೀಸಲಾಗಿದೆ. ಹಳೆಯ ಡೆಸ್ಕನ್ನು ಕೊಂಡರೆ ಹೊಸದೊಂದು ಮರಕ್ಕೆ ಕೊಡಲಿ ಬೀಳುವುದಿಲ್ಲವೆಂಬುದು ಯುಕ್ತವಾದ ಮಾತೇ ಸರಿ. ಆದರೆ ಕದ್ದು ಕಡಿದ ಮರಕ್ಕೆ ಹೊಗೆ ಹಿಡಿಸಿ ಬಣ್ಣ ಬಳಿದು ಹಳೆಯದೆಂದು ಮಾರಿದುದನ್ನು ಕೊಂಡವನು ಆ ಕೊಡಲಿಗೆ ಕಾವು ಕೊಟ್ಟವನೇ ಆಗುತ್ತಾನೆ. ಮಗುಚಿ ನೋಡೆಂದು ಹೇಳಿದುದು ಬರಿಯ ಹಣದ ಲಾಭನಷ್ಟಕ್ಕಾಗಿ ಅಲ್ಲ.

ಇನ್ನು ಬೆಲೆಯ ವಿಚಾರ. ನಿಜವಾದ ತೊಡಕು ಇರುವುದು ಇಲ್ಲಿ.

ಹೀಗೆ ಭಾವಿಸಬಹುದು. ಒಬ್ಬ ಗೃಹಸ್ಥ ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿಗೆ ಹೋಗುತ್ತಾನೆ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಅಟ್ಟದಲ್ಲಿ ಬಿದ್ದಿದ್ದ ಡೆಸ್ಕನ್ನು ತೋರಿಸಿ, "ಒಲೆಗೆ ಹಾಕೋಣಾಂತಿದ್ದೆ ಕಣಪ್ಪ, ನೀನೇ ಏನಾದರೂ ಕೊಟ್ಟು ತಕ್ಕೊಂಡು ಹೋಗು" ಎನ್ನುತ್ತಾಳೆ. ಅದು ಅಪ್ಪಟ ಬೀಟೆ ಎಂಬುದನ್ನು ಅವನು ಬಲ್ಲ, ಆಕೆ ಅರಿಯಳು. ಅವನು ಸೌದೆಯ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ತರುತ್ತಾನೆ. ಇಲ್ಲಿ ಕಳವು ನಡೆಯಿತೇ? ಸುಳ್ಳು ನುಡಿದುದಿಲ್ಲ, ಬಲಾತ್ಕಾರವಿಲ್ಲ. ಆಕೆ ತಾನಾಗಿಯೇ ಕೊಟ್ಟಳು, ಸಂತೋಷದಿಂದಲೇ ಕೊಟ್ಟಳು. ಮರವನ್ನು ಗುರುತಿಸುವ ಜ್ಞಾನ ಅವನು ಕಷ್ಟಪಟ್ಟು ಸಂಪಾದಿಸಿದುದು. ಅದರ ಫಲ ಅವನದೇ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಳೆಯ ಸಾಮಾನುಗಳ ವ್ಯಾಪಾರಿ ಊರೂರು ಅಲೆದು, ಹೊತ್ತು ತಂದು, ಮುರಿದುದನ್ನು ಸರಿಪಡಿಸಿ, ಮಾರಾಟವಾಗುವವರೆಗೆ ಕಾದು ಕುಳಿತಿರುತ್ತಾನೆ. ಆ ಶ್ರಮಕ್ಕೆ ತಕ್ಕ ಲಾಭ ಅವನ ಕಾಯಕದ ಪ್ರತಿಫಲವೇ. ಆದರೆ ವೃದ್ಧೆಯ ಅರಿಯಮಿಯಿಂದ ಉಳಿದ ಹಣ ಯಾರ ಶ್ರಮದ ಪ್ರತಿಫಲ?

ಆಯ್ದಕ್ಕಿಯ ಮಾರಯ್ಯನ ಪ್ರಸಂಗವನ್ನು ಭಕ್ತರೆಲ್ಲ ಕೇಳಿ ಬಲ್ಲರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವನ ಸತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬರುವಂತೆ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ. ಅದು ಹೆಚ್ಚಾಗಿ ಸಿಗಲೆಂದೇ ಚೆಲ್ಲಿಸಿದುದು ಎಂದೂ ಪರಂಪರೆ ಹೇಳುತ್ತದೆ. ಕೊಟ್ಟವರಿಗೆ ಕೊರತೆಯಿರಲಿಲ್ಲ, ಆಯ್ದವನಲ್ಲಿ ಕಪಟವಿರಲಿಲ್ಲ. ಆದರೂ ಲಕ್ಕಮ್ಮ ನೋಡಿದುದು ಕೊಟ್ಟವರ ಒಪ್ಪಿಗೆಯನ್ನಲ್ಲ, ತಂದವನ ಕಾಯಕದ ಅಳತೆಯನ್ನು. ತುಂಬಿದ ಮಹಾಮನೆಯಿಂದ ತಂದ ಹಿಡಿ ಅಕ್ಕಿಯನ್ನೇ ಆಕೆ ಹೀಗೆ ತೂಗಿದಳೆಂದರೆ, ಇಲ್ಲದವಳ ಅಟ್ಟದಿಂದ ಇಳಿದು ಬಂದ ಬೀಟೆಯ ಡೆಸ್ಕನ್ನು ಕಂಡು ಏನೆನ್ನುತ್ತಿದ್ದಳೆಂದು ಊಹಿಸುವುದು ಕಷ್ಟವಲ್ಲ.

ಕೊಳ್ಳುವವನಿಗೆ ಒಂದು ಸುಲಭವಾದ ಒರೆಗಲ್ಲಿದೆ. ತಾನು ಅರಿತುದನ್ನು ಮಾರುವವಳ ಮುಂದೆ ಬಾಯಿಬಿಟ್ಟು ಹೇಳಬಲ್ಲನೇ? "ಅವ್ವಾ, ಇದು ಬೀಟೆ ಮರ. ಪೇಟೆಯಲ್ಲಿ ಇದಕ್ಕೆ ಇಷ್ಟು ಬರುತ್ತದೆ. ಸಾಗಿಸುವುದಕ್ಕೆ, ರಿಪೇರಿಗೆ ಇಷ್ಟು ಕಳೆದು ಉಳಿದುದನ್ನು ಕೊಡುತ್ತೇನೆ" ಎಂದು ಹೇಳಿದ ಮೇಲೂ ಆಕೆ ಒಪ್ಪಿ ಕೊಟ್ಟರೆ ಆ ಪೀಠದ ಮೇಲೆ ನಿಶ್ಚಿಂತೆಯಿಂದ ಬರೆಯಬಹುದು. ಹೇಳಲು ನಾಲಿಗೆ ಹಿಂಜರಿದರೆ ಆ ಹಿಂಜರಿಕೆಗೆ ಕಾರಣವಿದ್ದೇ ಇದೆ. ಹೀಗೆ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಜಾತ್ರೆಯ ದಾಸೋಹಕ್ಕೆ ಬರೆಸಿ ಸಮಾಧಾನ ತಂದುಕೊಳ್ಳುವವರೂ ಉಂಟು. ಕಾಯಕ ಶುದ್ಧವಾಗದೆ ದಾಸೋಹ ಶುದ್ಧವಾಗದೆಂಬುದನ್ನು ಮಠದ ಬಾಲಕರೂ ಬಲ್ಲರು.

ಕೆಲವರಿಗೆ ಬೇರೊಂದು ಶಂಕೆ: ಬಡ್ಡಿಯ ಪತ್ರ ಬರೆಸಿ ಬಡವರ ಹೊಲ ಕಿತ್ತುಕೊಂಡವನ ಡೆಸ್ಕನ್ನು ಮನೆಗೆ ತರಬಹುದೇ, ಅದರ ಪಾಪ ತಟ್ಟದೇ? ತಟ್ಟುತ್ತದೆಂದು ಹೆದರುವುದು ಶರಣಮತಕ್ಕೆ ಒಪ್ಪುವ ಮಾತಲ್ಲ. ಹುಟ್ಟಿನ, ಮುಟ್ಟಿನ ಸೂತಕಗಳನ್ನೇ ಅಲ್ಲಗಳೆದವರು ಮರದ ಹಲಗೆಗೊಂದು ಸೂತಕವನ್ನು ಕಲ್ಪಿಸಿಯಾರೇ? ಪಾಪ ಬರೆದವನ ಕೈಯಲ್ಲಿತ್ತು, ಹಲಗೆಯಲ್ಲಿರಲಿಲ್ಲ. ಗಂಜಳ ಪ್ರೋಕ್ಷಿಸಿ ಡೆಸ್ಕನ್ನು ಶುದ್ಧಮಾಡಿ, ತಾನೇ ಅದರ ಮೇಲೆ ಬಡ್ಡಿಯ ಲೆಕ್ಕ ಬರೆಯತೊಡಗುವವನ ವಿಷಯದಲ್ಲಿ ಶಂಕಿಸುವುದು ಹೆಚ್ಚು ನ್ಯಾಯ.

ಡೆಸ್ಕಿನೊಳಗೆ ಹಳೆಯ ಕಾಗದಗಳು ಸಿಕ್ಕರೆ ಏನು ಮಾಡತಕ್ಕದ್ದು? ಕೊಂಡುದು ಪೀಠವನ್ನೇ ಹೊರತು ಆ ಮನೆಯ ಪತ್ರಗಳನ್ನಲ್ಲ. ಕ್ರಯಪತ್ರ, ಭಾಗಪತ್ರಗಳಿದ್ದರೆ ಮಾರಿದ ಮನೆಯವರಿಗೆ ಮರಳಿಸಬೇಕು. ಅವರ ಪಾಲಿಗೆ ಅವು ಡೆಸ್ಕಿಗಿಂತ ಬೆಲೆಯುಳ್ಳವಾಗಿರಬಹುದು. ತಾಳೆಗರಿಗಳಾಗಲಿ ಕಡತಗಳಾಗಲಿ ದೊರೆತರೆ ಇನ್ನೂ ಎಚ್ಚರ ಬೇಕು. 1972ರ ಪ್ರಾಚ್ಯವಸ್ತುಗಳ ಶಾಸನದಂತೆ ಬೇರೆ ವಸ್ತುಗಳು ಪ್ರಾಚ್ಯವೆನಿಸಲು ನೂರು ವರ್ಷ ಬೇಕಾದರೆ, ಶಾಸ್ತ್ರ, ಇತಿಹಾಸ, ಸಾಹಿತ್ಯಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದೇ ಸಾಕು. ಫ. ಗು. ಹಳಕಟ್ಟಿಯವರು ವಿಜಾಪುರದ ಸೀಮೆಯಲ್ಲಿ ಮನೆಮನೆಯ ಗಂಟುಗಳನ್ನು ಬಿಚ್ಚಿಸಿ ನೋಡದೆ ಇದ್ದಿದ್ದರೆ 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಗುತ್ತಿರಲಿಲ್ಲ. ಆದುದರಿಂದ ಓದಲು ಬಾರದೆಂದು ಒಲೆಗೆ ಹಾಕದೆ, ಓದಬಲ್ಲವರಿಗೆ ತೋರಿಸಬೇಕು.

ಕಡೆಗೆ ಪೀಠವನ್ನು ಇರಿಸುವ ಸ್ಥಳ. ಬಂದವರ ಕಣ್ಣಿಗೆ ಬೀಳಲೆಂದು ಅದನ್ನು ಪಡಸಾಲೆಯಲ್ಲಿರಿಸಿ, ಮೇಲೊಂದು ಹೂದಾನಿಯನ್ನಿಟ್ಟು, ಮಕ್ಕಳು ಮುಟ್ಟದಂತೆ ಗದರಿಸುವ ಮನೆಗಳಿವೆ. ಅಲ್ಲಿ ಮನೆಯ ಲೆಕ್ಕ ಬರೆಯುವುದು ಊಟದ ಮೇಜಿನ ಮೇಲೆ. ಬೆಳಕು ಎಡಗಡೆಯಿಂದ ಬೀಳುವ ಕಿಟಕಿಯ ಬಳಿ ಚಾಪೆ ಹಾಸಿ ಡೆಸ್ಕನ್ನಿಟ್ಟರೆ ಸಂಜೆ ಮಗಳು ಅದರ ಮೇಲೆ ಪಾಠ ಬರೆಯಬಹುದು, ರಾತ್ರಿ ತಂದೆ ಆ ದಿನದ ಜಮಾಖರ್ಚನ್ನು ಬರೆಯಬಹುದು. ಹಳೆಯ ಮಸಿಯ ಕಲೆಯ ಪಕ್ಕದಲ್ಲಿ ಹೊಸದೊಂದು ಬಿದ್ದರೆ ಯಾರೂ ಗದರಿಸಬೇಕಾಗಿಲ್ಲ.