ರೂಢಿ ಯಾರದು?

ಆರೋಗ್ಯವೆಂಬುದು ಒಳ್ಳೆಯ ಅಭ್ಯಾಸದ ಫಲವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಾತು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಸದ್ದಿಲ್ಲದೆ ಬಂದು ನಿಲ್ಲುತ್ತದೆ: ಕಾಯಿಲೆ ಬಿದ್ದವನು ಎಲ್ಲಿಯೋ ತಪ್ಪಿರಬೇಕು. ಈ ಎರಡನೆಯ ಮಾತನ್ನು ಒರೆಗೆ ಹಚ್ಚಲು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗಿಂತ ತಕ್ಕ ಸ್ಥಳ ಬೇರೆ ಇರಲಾರದು.

1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಗುರುತಿಸಿದರು. ವಿಜ್ಞಾನ ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟಿತು. ನಮ್ಮ ಜನ ಮಂಗನ ಕಾಯಿಲೆ ಎಂದರು. ಪಾಪ, ಮಂಗನೂ ನಮ್ಮಂತೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ, ಕಚ್ಚುವುದು ಉಣುಗು. ಅದರ ಮರಿ ಎಳ್ಳಿಗಿಂತ ಕಿರಿದು. ಚಳಿಗಾಲದಿಂದ ಮುಂಗಾರಿನವರೆಗೆ ದರಕಿನಲ್ಲಿ ಕಾದಿದ್ದು, ಹಾದುಹೋಗುವ ತೊಗಲಿಗೆ ಅಂಟುತ್ತದೆ. ಕೈ ತುರಿಸಿಕೊಳ್ಳುತ್ತದೆ, ಮನಸ್ಸು ಬೇರೆಲ್ಲಿಯೋ ಇರುತ್ತದೆ. ಕೆಲವು ದಿನಗಳಲ್ಲಿ ತಲೆ ಸಿಡಿಯುವಂಥ ಜ್ವರ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ, ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಅದು ಮರಳಿ ಬಂದು ಮಿದುಳಿಗೆ ಏರುತ್ತದೆ: ಕೈ ನಡುಗುತ್ತದೆ, ನೋಟ ಮಸುಕಾಗುತ್ತದೆ, ಬುದ್ಧಿ ಕದಡುತ್ತದೆ. ನಾನು, ನನ್ನದು ಎನ್ನುವ ಮಿದುಳಿಗೂ ಕಾಡಿನ ತರಗೆಲೆಗೂ ನಡುವೆ ಕಾವಲಿರುವುದು ಇಷ್ಟು ತೊಗಲು.

ವೈದ್ಯರ ಬುದ್ಧಿವಾದ ಸರಳ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಎಣ್ಣೆ ಹಚ್ಚಿರಿ (ಹಿಂದೆ ಡಿ.ಎಂ.ಪಿ., ಆಮೇಲೆ ಡೆಪಾ), ಮೈತುಂಬ ಬಟ್ಟೆ ತೊಡಿರಿ, ದರಕಿನ ಮೇಲೆ ಕೂರಬೇಡಿರಿ, ಬಂದೊಡನೆ ಬಿಸಿನೀರು ಸೋಪಿನಿಂದ ಮೈ ತೊಳೆಯಿರಿ. ಹಳೆಯ ಲಸಿಕೆ ಬಲ ಸಾಲದೆಂದು ನಿಂತು, ಈ ರೋಗಕ್ಕೇ ಎಂದು ಮದ್ದೂ ಇಲ್ಲದಿರುವಾಗ, ಈ ಮಾತುಗಳ ಬೆಲೆ ದೊಡ್ಡದು.

ಆದರೂ ದರಕಿಗೆ ಹೋಗುವುದು ಅಭ್ಯಾಸವೇ? ಊಟವಾದ ಮೇಲೆ ಕವಳ ಹಾಕುವುದು ಅಭ್ಯಾಸ. ಬಿಟ್ಟರೆ ಬಾಯಿ ಬಡವಾದೀತು, ಮನೆ ಬಡವಾಗದು. ದರಕಿನ ಹೊರೆ ಹಾಗಲ್ಲ. ಬೆಟ್ಟದಿಂದ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಅಡಿಕೆಮರದ ಬುಡಕ್ಕೆ, ಕೊನೆಗೆ ಅಡಿಕೆಯಾಗಿ ಸಾಗರದ ಮಂಡಿಗೆ ಅದರ ಪಯಣ. ತೋಟದೊಡನೆ ಸೊಪ್ಪಿನ ಬೆಟ್ಟವನ್ನೂ ಬಿಟ್ಟುಕೊಟ್ಟ ಹಿಂದಿನ ಸರ್ಕಾರಗಳು ಈ ನಂಟನ್ನು ಬಲ್ಲವಾಗಿದ್ದವು. ಈ ಸರಪಳಿಯ ಮೊದಲ ಕೊಂಡಿಯಲ್ಲಿ ತೊಗಲು ಒಡ್ಡುವವಳು ಎಷ್ಟೋ ವೇಳೆ ದಿನಗೂಲಿಯ ಹೆಂಗಸು; ಕೊನೆಯ ಕೊಂಡಿಯಲ್ಲಿ ಹಣ ಎಣಿಸುವವರು ಬೇರೆ.

ಹಾಗೆಂದು ಎಲ್ಲವನ್ನೂ ಬಡತನದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದೂ ಸಲ್ಲದು. ಎಣ್ಣೆಯ ಸೀಸೆ ಗೂಡಿನಲ್ಲಿದ್ದೂ ವಾಸನೆ, ಜಿಡ್ಡು ಎಂದು ಮುಟ್ಟದವರಿದ್ದಾರೆ. ಅವರಲ್ಲಿ ಓದಿದವರೂ ಉಂಟು. ಒಡೆಯನೇ ಹೊರೆ ಹೊರುವ ಸಣ್ಣ ಹಿಡುವಳಿಗಳೂ ನಮ್ಮಲ್ಲಿವೆ. ಉಣುಗಿಗೆ ಒಡೆಯ, ಆಳು ಎಂಬ ಭೇದ ತಿಳಿಯದು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಕಡೆ ಸಾವುಗಳಾದಾಗ ಎಲ್ಲರೂ ಬೆಚ್ಚಿದೆವು. ಮಳೆ ಹಿಡಿದರೆ ರೋಗ ಇಳಿಯುತ್ತದೆ. ಅದರೊಡನೆ ನಮ್ಮ ನೆನಪೂ.

ನನಗೆ ತೋರುವುದು ಇಷ್ಟು: ರೂಢಿಯ ಹೊಣೆ ಅದನ್ನು ನಡೆಸುವ ಕೈಗಷ್ಟೇ ಅಲ್ಲ, ಅದರ ಫಲ ಉಣ್ಣುವ ಕೈಗೂ ಸೇರಿದ್ದು. ಸ್ನಾನವನ್ನೇ ನೋಡಿ. ತೋಟದ ಮನೆಯಲ್ಲಿ ಬಚ್ಚಲ ಹಂಡೆ ಹಗಲೆಲ್ಲ ಕಾಯುತ್ತಿರುತ್ತದೆ. ಕೂಲಿಯವಳಾದರೋ ಸಂಜೆ ತನ್ನ ಮನೆ ಸೇರಿ, ನೀರು ಹೊತ್ತು, ಸೌದೆ ಉರಿಸಬೇಕು. ಆ ಸೌದೆಯೂ ಅದೇ ಕಾಡಿನದು. ಅವಳು ಹೊರಡುವ ಮುನ್ನ ಅಂಗೈಯಷ್ಟು ಎಣ್ಣೆ, ಮರಳಿದ ಮೇಲೆ ಆ ಹಂಡೆಯಿಂದ ಎರಡು ಕೊಡ ಬಿಸಿನೀರು: ಇವನ್ನು ಉಪಕಾರವೆನ್ನದೆ ಕೂಲಿಯ ಬಾಕಿಯೆಂದೇ ಲೆಕ್ಕಕ್ಕೆ ಹಿಡಿಯಬೇಕಲ್ಲವೆ? ಹೊರೆ ಎಷ್ಟಾಯಿತೆಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಣಿಸುವವರಿದ್ದಾರೆ. ಹೊರೆ ಇಳಿಸಿದವಳು ಮೈ ತೊಳೆಯುವುದೆಲ್ಲಿ ಎಂದು ಕೇಳಿದವರು ಕಡಿಮೆ.