ಕಾಣದುದಕ್ಕೆ ಹೊಣೆ

ಒಬ್ಬನ ಸಾಲಕ್ಕೆ ಮತ್ತೊಬ್ಬನು ಹೊಣೆ ನಿಲ್ಲುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಆದರೆ ಪತ್ರವನ್ನು ಓದಿ ರುಜು ಹಾಕುವವನಿಗೂ, ಮಡಿಸಿ ಹಿಡಿದ ಪತ್ರದ ಅಡಿಯಲ್ಲಿ ಹೆಬ್ಬೆಟ್ಟೊತ್ತುವವನಿಗೂ ಇರುವ ಅಂತರವನ್ನು ವ್ಯವಹಾರ ಬಲ್ಲ ಗೃಹಸ್ಥರು ಬಲ್ಲರು. ಮೊದಲನೆಯವನು ಕೆಟ್ಟರೆ ತಿಳಿದು ಕೆಟ್ಟನು. ಎರಡನೆಯವನು ಕೆಟ್ಟರೆ ಅದು ಅವನ ದೌರ್ಭಾಗ್ಯವೋ ದೋಷವೋ ಎಂದು ಧರ್ಮಜ್ಞರೂ ಒಮ್ಮೆ ತಡೆದು ನಿಲ್ಲುವರು. ತನಗೆ ಕಾಣಗೊಡದ ವಸ್ತುವಿಗೆ ಒಬ್ಬನು ಹೊಣೆಯಾಗಬೇಕೆ? ಆಗಲಾರೆನೆಂದು ಅವನು ಹೇಳಿದರೆ ಅದು ವಿವೇಕವೋ, ಗರ್ವವೋ? ಕಳೆದ ಕೆಲವು ದಶಕಗಳಿಂದ ಈ ಪ್ರಶ್ನೆಯು ಯಾರೂ ನಿರೀಕ್ಷಿಸದ ಒಂದೆಡೆಯಲ್ಲಿ, ಕಂಪ್ಯೂಟರ್ ಯಂತ್ರದ ಒಳಮನೆಯಲ್ಲಿ, ಬಹು ತೀವ್ರವಾಗಿ ಚರ್ಚೆಗೆ ಬಂದಿರುವುದು.

ಕಂಪ್ಯೂಟರಿನಲ್ಲಿ ನಡೆಯುವ ಸಮಸ್ತ ಕೆಲಸಗಳ ಮೇಲೂ ಅಧಿಕಾರ ನಡೆಸುವ ತಂತ್ರಾಂಶವೊಂದುಂಟು. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನೆಲ್ಲ ಗೊತ್ತುಮಾಡುವುದು ಅದೇ. ಲಿನಕ್ಸ್ ಎಂಬ ಕರ್ನಲನ್ನು ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ, ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಬರೆಯತೊಡಗಿದರು. ಮರುವರ್ಷ ಅದು ಜಿ.ಪಿ.ಎಲ್. ಎಂಬ ಒಪ್ಪಂದದ ಕೆಳಗೆ ಬಂದಿತು. ಅದರ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು; ಆದರೆ ತಿದ್ದಿ ಹಂಚುವವನು ತನ್ನ ತಿದ್ದುಪಾಟನ್ನೂ ಅದೇ ಪ್ರಕಾರ ಬಿಚ್ಚಿಡತಕ್ಕದ್ದು.

ಇನ್ನು ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಇದು ಕಂಪ್ಯೂಟರಿನೊಳಗಣ ಇನ್ನೊಂದು ಕಂಪ್ಯೂಟರೇ ಸರಿ. ಅದಕ್ಕೆ ತನ್ನದೇ ಆದ ಸಂಸ್ಕಾರಕ, ತನ್ನದೇ ಆದ ಭಾಷೆ. ಆ ಭಾಷೆಯನ್ನು ಬಲ್ಲ ದುಭಾಷಿಗೆ ಡ್ರೈವರ್ ಎನ್ನುವರು. ಅದರ ಒಂದು ಭಾಗ ಕರ್ನಲಿನೊಳಗೇ ಕುಳಿತಿರುವುದು. ಬಲು ದೊಡ್ಡದಾದ ಇನ್ನೊಂದು ಭಾಗ ಹೊರಗಿದ್ದು, ಚಿತ್ರ ಬರೆಯಬೇಕೆನ್ನುವ ಪ್ರೋಗ್ರಾಮುಗಳ ಇಷ್ಟವನ್ನು ಕಾರ್ಡಿನ ಆಜ್ಞೆಗಳಾಗಿ ಪರಿವರ್ತಿಸಿಕೊಡುವುದು. ಬ್ರಯನ್ ಪಾಲ್ ಎಂಬವರು 1993ರಲ್ಲಿ ಆರಂಭಿಸಿದ ಮೆಸಾ ಎಂಬುದು ಈ ಹೊರಭಾಗದ ತೆರೆದ ರೂಪ.

ಕಾರ್ಡಿನ ಭಾಷೆಯನ್ನು ಬಲ್ಲವನು ಅದನ್ನು ತಯಾರಿಸಿದವನು. ಎನ್‌ವಿಡಿಯಾ ಎಂಬ ಅಮೆರಿಕದ ಕಂಪನಿಯು ಬಹುಕಾಲ ಆ ಭಾಷೆಯನ್ನು ಹೊರಗೆಡಹಲಿಲ್ಲ. ಯಂತ್ರ ಮಾತ್ರ ಓದಬಲ್ಲ ಸಿದ್ಧರೂಪದಲ್ಲಿ ಡ್ರೈವರನ್ನು ಕೊಟ್ಟು, ಮೂಲಬರಹವನ್ನು ತನ್ನಲ್ಲಿಯೇ ಇರಿಸಿಕೊಂಡಿತು. ಇದರಲ್ಲಿ ಅನ್ಯಾಯವೇನೂ ಮೇಲ್ನೋಟಕ್ಕೆ ಕಾಣದು. ವೈದ್ಯನು ಔಷಧವನ್ನು ಮಾರಿ ಯೋಗವನ್ನು ಬಚ್ಚಿಡುವುದುಂಟು. ಕೊಂಡವನಿಗೆ ಚಿತ್ರ ಕಾಣಿಸಿತು, ತೃಪ್ತನಾದನು. ಆದರೆ ಈ ಔಷಧ ಸೇರುವುದು ಕೊಂಡವನ ಹೊಟ್ಟೆಯನ್ನಲ್ಲ, ಕರ್ನಲಿನ ಹೊಟ್ಟೆಯನ್ನು. ಅಲ್ಲಿ ಗೋಡೆಗಳಿಲ್ಲ. ಒಳಗೆ ಬಂದ ಡ್ರೈವರ್ ತಪ್ಪಿ ಬೇರೊಂದು ಭಾಗದ ಮೆಮೊರಿಯ ಮೇಲೆ ಬರೆದರೆ, ಚಿತ್ರ ಸರಿಯಾಗಿಯೇ ಇದ್ದು ಕಡತವೊಂದು ಹಾಳಾಗಬಹುದು. ಆಗ ಕಡತದವನು ಕಳ್ಳನೆನಿಸುವನು. ನಿಜವಾದ ಅಪರಾಧಿಯ ಮುಖಕ್ಕೆ ಮುಸುಕಿರುವುದು.

ಲಿನಕ್ಸಿನವರು ಇಂಥ ಡ್ರೈವರನ್ನು ಬಾಗಿಲಲ್ಲಿ ತಡೆಯಲಿಲ್ಲ. ಒಂದು ಗುರುತು ಹಾಕಿದರು. ಮುಚ್ಚಿದ ಡ್ರೈವರನ್ನು ಒಳಗೆ ಬಿಟ್ಟುಕೊಂಡ ಕರ್ನಲ್ ತನ್ನನ್ನು ತಾನೇ ‘ಟೇಂಟೆಡ್’ ಎಂದು ಬರೆದುಕೊಳ್ಳುವುದು. ಕನ್ನಡದಲ್ಲಿ ಇದಕ್ಕೆ ಮೈಲಿಗೆ ಎಂಬುದಕ್ಕಿಂತ ಹತ್ತಿರದ ಮಾತು ಸಿಗದು. ಆ ಡ್ರೈವರನ್ನು ಮರಳಿ ಹೊರಹಾಕಿದರೂ ಮೈಲಿಗೆ ಹೋಗುವುದಿಲ್ಲ. ಯಂತ್ರವನ್ನು ಆರಿಸಿ ಹೊಸದಾಗಿ ಎಬ್ಬಿಸಬೇಕು. ಸ್ನಾನದಿಂದ ಕಳೆಯದೆ ಪುನರ್ಜನ್ಮದಿಂದಲೇ ಕಳೆಯುವ ಮೈಲಿಗೆ! ಇಂಥ ಕರ್ನಲಿನಲ್ಲಿ ತೊಂದರೆ ಬಂದಿತೆಂದು ದೂರು ಕೊಟ್ಟವನಿಗೆ, ಆ ಡ್ರೈವರಿಲ್ಲದೆ ಅದೇ ತೊಂದರೆಯನ್ನು ತೋರಿಸು ಎಂಬ ಉತ್ತರ ದೊರೆಯುವುದು. ಇದನ್ನು ಕಂಡು, ಇದು ಮಡಿವಂತರ ಕೂಟ, ಮುಟ್ಟಿದರೆ ಮುನಿಯುವ ಜನ ಎಂದು ಹಳಿದವರು ಅನೇಕರು. ಹೆಸರನ್ನು ಆರಿಸಿದವರಿಗೆ ಇನ್ನಷ್ಟು ಸೌಜನ್ಯವಿರಬೇಕಾಗಿತ್ತೆಂಬುದು ನಿಜ. ಆದರೆ ಆ ಗುರುತುಗಳ ಪಟ್ಟಿಯನ್ನು ಪೂರ್ತಿಯಾಗಿ ನೋಡಿದರೆ ಆಕ್ಷೇಪ ಸಡಿಲವಾಗುವುದು. ಯಂತ್ರದ ಲೋಹಭಾಗವೇ ತನ್ನಲ್ಲಿ ದೋಷವಿದೆಯೆಂದು ವರದಿ ಮಾಡಿದರೂ ಮೈಲಿಗೆ. ಮೂಲಬರಹ ತೆರೆದಿದ್ದರೂ ಲಿನಕ್ಸಿನ ಗ್ರಂಥಕ್ಕೆ ಸೇರದ ಹೊರಗಿನ ಭಾಗವನ್ನು ತಂದರೂ ಮೈಲಿಗೆ. ಕರ್ನಲ್ ತನ್ನ ಸ್ವಂತ ತಪ್ಪಿನಿಂದ ಒಮ್ಮೆ ಮುಗ್ಗರಿಸಿದರೂ ಮೈಲಿಗೆಯೇ. ತನ್ನ ಎಡವಿಕೆಯನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳುವವನನ್ನು ಮಡಿವಂತನೆಂದು ಕರೆಯುವುದು ಹೇಗೆ? ಅದು ಶುದ್ಧಾಶುದ್ಧಗಳ ಗುರುತಲ್ಲ. ಇಲ್ಲಿಂದ ಮುಂದೆ ನಡೆದುದಕ್ಕೆ ಸಾಕ್ಷಿ ನುಡಿಯಲಾರೆನೆಂಬ ಸಾಕ್ಷಿಯ ಒಪ್ಪಿಗೆ ಅದು.

ಕಂಪನಿಯ ಮಾತನ್ನೇ ನಂಬಿದರಾಗದೆ ಎಂದು ಕೇಳಬಹುದು. ತಾರ್ಕಿಕರು ಆಪ್ತವಾಕ್ಯವನ್ನೂ ಪ್ರಮಾಣವೆಂದು ಎಣಿಸಿರುವರಷ್ಟೆ. ಆದರೆ ಆಪ್ತನೆಂದರೆ ಬಲ್ಲವನು ಮಾತ್ರವಲ್ಲ, ಬಲ್ಲುದನ್ನು ಇದ್ದಂತೆ ಹೇಳಲು ಇಷ್ಟವುಳ್ಳವನು. ಬಲ್ಲವನಾಗಿಯೂ ಬಾಯಿ ಬಿಡದವನಲ್ಲಿ ಮೊದಲನೆಯ ಲಕ್ಷಣವುಂಟು, ಎರಡನೆಯದಿಲ್ಲ. ಆದುದರಿಂದ ಉಳಿದ ದಾರಿ ಅನುಮಾನ.

ಆ ದಾರಿಯನ್ನು ಹಿಡಿದವರು ನೂವೋ ಎಂಬ ಯೋಜನೆಯವರು. ಹೊಸದು ಎಂಬರ್ಥದ ಫ್ರೆಂಚ್ ಶಬ್ದವದು. ಕಂಪನಿಯ ಮುಚ್ಚಿದ ಡ್ರೈವರನ್ನು ಓಡಲು ಬಿಟ್ಟು, ಅದು ಕಾರ್ಡಿಗೆ ಕಳುಹಿಸುವ ಪ್ರತಿಯೊಂದು ಸಂಖ್ಯೆಯನ್ನೂ ಅವರು ದಾರಿಯಲ್ಲಿ ತಡೆದು ಬರೆದುಕೊಂಡರು. ಒಂದು ಚಿಕ್ಕ ಆಕೃತಿಯನ್ನು ಬರೆಯಿಸುವುದು. ಮತ್ತೆ ಬಣ್ಣವೊಂದನ್ನೇ ಬದಲಿಸಿ ಬರೆಯಿಸುವುದು. ಎರಡು ಪಟ್ಟಿಗಳಲ್ಲಿ ಬೇರೆಯಾದ ಸಂಖ್ಯೆ ಯಾವುದೋ ಅದೇ ಬಣ್ಣದ್ದೆಂದು ಊಹಿಸುವುದು. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಅನ್ವಯವ್ಯತಿರೇಕಗಳ ಅಭ್ಯಾಸವನ್ನು ಇದಕ್ಕಿಂತ ತಾಳ್ಮೆಯಿಂದ ಮಾಡಿದವರು ವಿರಳ. ಹೀಗೆ ಹೊಗೆಯಿಂದ ಬೆಂಕಿಯನ್ನು ಅರಿತು ವರ್ಷಗಟ್ಟಲೆ ದುಡಿದ ಫಲವಾಗಿ, 2010ರಲ್ಲಿ ಹೊರಬಂದ 2.6.33ನೆಯ ಕರ್ನಲಿನೊಳಗೆ ಆ ಡ್ರೈವರಿಗೆ ಸ್ಥಾನ ದೊರೆಯಿತು. ಕಂಪನಿ ಒಂದು ಹಾಳೆಯನ್ನು ಕೊಟ್ಟಿದ್ದರೆ ಒಂದು ದಿನದಲ್ಲಿ ತಿಳಿಯಬಹುದಾಗಿದ್ದ ಸಂಗತಿಗೆ ತಿಂಗಳುಗಳು ಹಿಡಿದುದನ್ನು ನೆನೆದರೆ, ಮನುಷ್ಯನ ಆಯುಸ್ಸಿನ ಇಂಥ ವ್ಯಯಕ್ಕೆ ಯಾರನ್ನು ಕೇಳಬೇಕೆಂದು ತೋಚದು.

ರಹಸ್ಯಕ್ಕೆ ಕಾರಣಗಳಿಲ್ಲವೆಂದಲ್ಲ. ಪ್ರತಿಸ್ಪರ್ಧಿಗಳ ಭಯವುಂಟು, ಇತರರಿಂದ ಎರವು ತಂದ ವಿದ್ಯೆಯನ್ನು ಬಿಚ್ಚಿಡುವ ಅಧಿಕಾರ ತಯಾರಕನಿಗೆ ಇಲ್ಲದಿರುವುದೂ ಉಂಟು. ಆದರೆ ಅದೇ ಪೇಟೆಯಲ್ಲಿ, ಅದೇ ಪ್ರತಿಸ್ಪರ್ಧಿಗಳ ನಡುವೆ, ಎ.ಎಂ.ಡಿ. ಕಂಪನಿಯು 2006ರಲ್ಲಿ ಎ.ಟಿ.ಐ. ಕಂಪನಿಯನ್ನು ಕೊಂಡ ಮರುವರ್ಷವೇ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸುವೆನೆಂದು ಸಾರಿ, ಹಾಗೆಯೇ ಪ್ರಕಟಿಸತೊಡಗಿತು. ಅದರ ತೆರೆದ ಡ್ರೈವರ್ 2015ರ 4.2ನೆಯ ಕರ್ನಲಿನೊಳಗೆ ಹೊಸ ರೂಪದಲ್ಲಿ ನೆಲೆಗೊಂಡಿತು. ಕಂಪನಿ ಮುಳುಗಲಿಲ್ಲ. ಅಸಾಧ್ಯವೆಂಬ ವಾದಕ್ಕೆ ಇಷ್ಟು ಉದಾಹರಣೆ ಸಾಕು.

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ವಿಚಾರಾರ್ಹವಾದ ಅಂಶ ಬೇರೆಯದು. ಕರ್ನಲಿನವರು ಎರಡು ನಿಯಮಗಳನ್ನು ಪಾಲಿಸುವರು; ಮೊದಲ ನೋಟಕ್ಕೆ ಒಂದು ಇನ್ನೊಂದಕ್ಕೆ ವಿರುದ್ಧವೆನಿಸುವುದು. ಒಳಗಣ ಏರ್ಪಾಟುಗಳನ್ನು ಅವರು ಯಾವಾಗ ಬೇಕಾದರೂ ಬದಲಿಸುವರು. ಅಲ್ಲಿ ಯಾರಿಗೂ ಶಾಶ್ವತದ ಭರವಸೆಯಿಲ್ಲ. ಮುಚ್ಚಿದ ಡ್ರೈವರುಗಳು ಹೊಸ ಕರ್ನಲ್ ಬಂದಾಗಲೆಲ್ಲ ಮುರಿದು ಬೀಳುವುದು ಇದರಿಂದಲೇ. ಹೊರಗಣ ಪ್ರೋಗ್ರಾಮುಗಳಿಗೆ ಕೊಟ್ಟ ಮಾತನ್ನಾದರೋ ಅವರು ಹಿಂದೆಗೆಯುವುದಿಲ್ಲ. ಒಮ್ಮೆ ತೆರೆದ ಬಾಗಿಲನ್ನು ಮುಚ್ಚಕೂಡದೆಂಬುದರಲ್ಲಿ ಟೋರ್ವಾಲ್ಡ್ಸರ ಹಟ ಪ್ರಸಿದ್ಧವಾದುದು. ಮನೆಯೊಳಗಣ ಸಾಮಾನನ್ನು ದಿನಕ್ಕೊಮ್ಮೆ ಅತ್ತಿತ್ತ ಮಾಡುವ ಯಜಮಾನನು ಬೀದಿಯವರಿಗೆ ಕೊಟ್ಟ ಮಾತನ್ನು ಮಾತ್ರ ಎಂದೆಂದಿಗೂ ನಡೆಸಿದಂತೆ.

ಈಗ ಕಂಪನಿಯೊಂದು ಬಂದು, ಡ್ರೈವರಿನ ಒಳಭಾಗವನ್ನು ತೆರೆದು ಕೊಡುವೆನು, ಸ್ವೀಕರಿಸಿರಿ. ಅದರೊಡನೆ ಮಾತಾಡುವ ಹೊರಭಾಗ ಮಾತ್ರ ಗುಟ್ಟಾಗಿರಲಿ, ಎಂದರೆ? ಅರ್ಧವಾದರೂ ಸಿಕ್ಕಿತಲ್ಲ ಎಂದು ಲೌಕಿಕರು ಸಂತೋಷಿಸಬಹುದು. ಗ್ರಾಫಿಕ್ಸ್ ಭಾಗದ ಪಾಲಕರಾದ ಡೇವ್ ಏರ್ಲಿಯವರು 2010ರಲ್ಲಿ ಇದಕ್ಕೆ ಒಪ್ಪಲಿಲ್ಲ. ಹೊರಗಣವರಿಗಾಗಿ ಹೊಸ ಬಾಗಿಲನ್ನು ತೆರೆಯಬೇಕಾದರೆ ಆ ಬಾಗಿಲಲ್ಲಿ ಓಡಾಡುವ ಹೊರಭಾಗದ ತೆರೆದ ಬರಹವೂ ಸಿದ್ಧವಿರಬೇಕು. ಅದು ಪರೀಕ್ಷೆಗೆಂದು ಮಾಡಿದ ಆಟಿಕೆಯಾಗಿರದೆ ನಿಜವಾಗಿ ಬಳಕೆಗೆ ಬರುವಂಥದಾಗಿರಬೇಕು, ಎಂಬುದು ಈಗ ಕರ್ನಲಿನ ಲಿಖಿತ ನಿಯಮ. ಇದು ಧಾರ್ಷ್ಟ್ಯವೆಂದು ತೋರಬಹುದು. ಆದರೆ ಮಾತು ಶಾಶ್ವತವಾದುದೆಂಬುದನ್ನು ಮರೆಯಬಾರದು. ಗುಟ್ಟಿನ ಹೊರಭಾಗ ಆ ಬಾಗಿಲಿನಿಂದ ಏನನ್ನು ಅಪೇಕ್ಷಿಸುತ್ತದೆಂದು ಯಾರಿಗೂ ತಿಳಿಯದು. ತಿಳಿಯದುದರಿಂದ ಒಂದು ಮೊಳೆಯನ್ನು ಕಿತ್ತರೂ ಮಾತು ತಪ್ಪಿತೋ ಇಲ್ಲವೋ ಹೇಳಲಾಗದು. ಕ್ಷಣಿಕವಾದ ಸಹಾಯವನ್ನು ಮುಖ ನೋಡದೆ ಮಾಡಬಹುದು. ಆಜೀವ ವ್ರತವನ್ನು ಮುಖ ನೋಡದೆ ತೊಡಲಾಗದು. ಇಲ್ಲಿ ಏರ್ಲಿಯವರ ಪಕ್ಷವೇ ಬಲವಾದುದು.

ಎಲ್ಲ ನಿರಾಕರಣೆಗಳೂ ಇಷ್ಟು ನಿಷ್ಕಳಂಕವಲ್ಲ. ಎರಡು ಗ್ರಾಫಿಕ್ಸ್ ಸಂಸ್ಕಾರಕಗಳಿರುವ ಯಂತ್ರಗಳಲ್ಲಿ ಒಂದು ಬರೆದ ಚಿತ್ರವನ್ನು ಇನ್ನೊಂದಕ್ಕೆ ದಾಟಿಸುವ ಏರ್ಪಾಟೊಂದನ್ನು ಕರ್ನಲಿನವರು ಜಿ.ಪಿ.ಎಲ್. ಬರಹಗಳಿಗೆ ಮಾತ್ರ ಮೀಸಲಾಗಿಟ್ಟಿದ್ದರು. ಆ ಮೀಸಲನ್ನು ಸಡಿಲಿಸಿರೆಂದು ಎನ್‌ವಿಡಿಯಾ ಪರವಾಗಿ 2012ರಲ್ಲಿ ಬಂದ ಬೇಡಿಕೆಯನ್ನು ಅಲನ್ ಕಾಕ್ಸ್ ಮೊದಲಾದ ಹಿರಿಯರು ಒಪ್ಪಲಿಲ್ಲ. ಅಲ್ಲಿದ್ದುದು ಹೊಣೆಯ ಪ್ರಶ್ನೆಗಿಂತ ಹೆಚ್ಚಾಗಿ ಸ್ವಾಮ್ಯದ ಪ್ರಶ್ನೆ: ನನ್ನ ಬರಹ, ನನ್ನ ಕರಾರು. ಆ ಹಕ್ಕು ಅವರಿಗಿತ್ತು. ಬೆಲೆ ತೆತ್ತವನು ಮಾತ್ರ ಕಂಪನಿಯೂ ಅಲ್ಲ, ಕಾಕ್ಸರೂ ಅಲ್ಲ. ಅಂಥ ಯಂತ್ರವನ್ನು ಕೊಂಡ ಬಡಪಾಯಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸರು ಆ ಕಂಪನಿಯನ್ನು ಕುರಿತು ಬೆರಳೆತ್ತಿ ಆಡಿದ ಅಶ್ಲೀಲ ನುಡಿಯು ಲೋಕಪ್ರಸಿದ್ಧವಾಯಿತು. ಕೋಪ ಸಹಜವಿರಬಹುದು, ವಾದಕ್ಕೆ ಅದರಿಂದ ಕೂದಲೆಳೆಯಷ್ಟೂ ಬಲ ಬರಲಿಲ್ಲ.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಒಳಭಾಗದ ಮೂಲಬರಹವನ್ನು ಪ್ರಕಟಿಸಿತು. ಹಠ ಕರಗಿತೆಂದು ಅನೇಕರು ಹಿಗ್ಗಿದರು. ಹಿಗ್ಗಿಗೆ ಕಾರಣವೂ ಇತ್ತು. ಆದರೆ ಹೊರಭಾಗ ಮುಚ್ಚಿಯೇ ಉಳಿಯಿತು. ಮೊದಲು ಒಳಭಾಗದಲ್ಲಿದ್ದ ಕೆಲಸದ ಬಹುಪಾಲು, 2018ರಿಂದ ಈಚಿನ ಕಾರ್ಡುಗಳೊಳಗೇ ಇರುವ ಚಿಕ್ಕ ಸಂಸ್ಕಾರಕವೊಂದರ ಮೇಲೆ ಓಡುವ ಫರ್ಮ್‌ವೇರ್ ಎಂಬ ಮುಚ್ಚಿದ ತಂತ್ರಾಂಶಕ್ಕೆ ಸೇರಿಹೋಯಿತು. ಮುಸುಕು ಹೋಗಲಿಲ್ಲ, ಸರಿಯಿತು. ಫರ್ಮ್‌ವೇರ್ ಕಾರ್ಡಿನೊಳಗೆ ಓಡುವುದಾದುದರಿಂದ ಅದು ಲೋಹದ ಭಾಗವೇ ಎಂದು ಕರ್ನಲಿನವರು ಬಹುಕಾಲದಿಂದ ಒಪ್ಪಿರುವರು, ಎ.ಎಂ.ಡಿ. ಕಾರ್ಡುಗಳಲ್ಲಿಯೂ ಅದು ಮುಚ್ಚಿದುದೇ. ಕಾಂಪೌಂಡಿನ ಗೋಡೆಯಾಚೆಗಿನದಕ್ಕೆ ಯಜಮಾನನು ಹೊಣೆಯಲ್ಲವೆಂಬ ಈ ವಾದ ಸಿದ್ಧಾಂತಕ್ಕಿಂತ ಸೌಕರ್ಯಕ್ಕೆ ಹತ್ತಿರವಾದುದು. ಗೋಡೆಯನ್ನು ಬೇರೆಯವನು ಸರಿಸಬಲ್ಲನೆಂದಾದರೆ ಅದರ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದನ್ನು ಅವರಿನ್ನೂ ನೆಟ್ಟಗೆ ಚರ್ಚಿಸಿದಂತೆ ಕಾಣದು. ಏನೇ ಇರಲಿ, ಆ ಫರ್ಮ್‌ವೇರನ್ನೇ ಆಧರಿಸಿ ನೋವಾ ಎಂಬ ಹೊಸ ತೆರೆದ ಡ್ರೈವರಿನ ಬುನಾದಿ 2025ರ 6.15ನೆಯ ಕರ್ನಲಿನಲ್ಲಿ ಬಿದ್ದಿತು.

ನಡುವಣ ಕಾಲದ ಕಾರ್ಡುಗಳ ಗತಿ ಬೇರೆ. 2014ರ ಉತ್ತರಾರ್ಧದಿಂದ ಎನ್‌ವಿಡಿಯಾ ತನ್ನ ಗುಪ್ತ ಮೊಹರು ಬಿದ್ದ ಫರ್ಮ್‌ವೇರನ್ನಲ್ಲದೆ ಬೇರೊಂದನ್ನು ಕಾರ್ಡು ಒಪ್ಪದಂತೆ ಮಾಡಿತು. ಅನುಮಾನದಿಂದ ಭಾಷೆಯನ್ನು ಅರಿಯಬಹುದು. ಮೊಹರನ್ನು ಅನುಮಾನಿಸಿ ಒತ್ತಲಾಗದು. ಚಿತ್ರ ಬರೆಯಲು ಬೇಕಾದ ಕೆಲವು ಫರ್ಮ್‌ವೇರುಗಳನ್ನು ಕಂಪನಿ ತಡವಾಗಿ ಕೊಟ್ಟಿತು, ವೇಗವನ್ನು ಏರಿಸುವುದಕ್ಕೆ ಬೇಕಾದುದನ್ನು ಕೊಡಲಿಲ್ಲ. ಆದಕಾರಣ ಅಂದಿನಿಂದ 2017ರ ವೋಲ್ಟಾ ಪೀಳಿಗೆಯವರೆಗಿನ ಕಾರ್ಡುಗಳು ನೂವೋ ಡ್ರೈವರಿನ ಕೈಯಲ್ಲಿ, ಯಂತ್ರ ಎದ್ದಾಗ ಇದ್ದ ಮಂದಗತಿಯಲ್ಲಿಯೇ ನಡೆಯುವುವು. ಹೊಸ ನೋವಾ ಅವಕ್ಕೆ ಒದಗದು. ಅದಕ್ಕೆ ಬೇಕಾದ ಚಿಕ್ಕ ಸಂಸ್ಕಾರಕ ಅವುಗಳಲ್ಲಿಲ್ಲ. ಮುಚ್ಚಿದ ಡ್ರೈವರಿನಲ್ಲಿಯೂ 580ನೆಯ ಶಾಖೆಯೇ ಅವುಗಳ ಪಾಲಿಗೆ ಕೊನೆಯದೆಂದು ಕಂಪನಿ 2025ರಲ್ಲಿ ಸಾರಿತು. ಲೋಹ ಸವೆದಿಲ್ಲ, ಗಾಳಿಯ ಚಕ್ರ ತಿರುಗುತ್ತಿದೆ, ಚಿತ್ರ ಮೂಡುತ್ತಿದೆ. ಅವನ್ನು ಹಣ ಕೊಟ್ಟು ಕೊಂಡವರ ಮನೆಗಳಲ್ಲಿ ಅವಿನ್ನೂ ಇವೆ.