ಗೋಡೆಯ ಮೇಲಿನ ಅಂಗೈಗಳು

ಜೋಧಪುರದ ಮೆಹರಾನ್‌ಗಢ ಕೋಟೆಗೆ ರಾವ್ ಜೋಧಾ ಬುನಾದಿ ಹಾಕಿದ್ದು 1459ರಲ್ಲಿ. ಅಲ್ಲಿಯ ಕಲ್ಲಿನ ಜಾಲಂಧ್ರಗಳು, ಹೊನ್ನಿನ ಬಣ್ಣದ ಫೂಲ್ ಮಹಲ್, ಅರಮನೆಯ ತೊಟ್ಟಿಲು, ಪಲ್ಲಕ್ಕಿಗಳನ್ನು ಕಂಡು ಬೆರಗಾಗದವರು ಯಾರು? ಆದರೆ ಹೆಂಗಸರ ಕಾಲು ತಾನಾಗಿ ನಿಲ್ಲುವುದು ಲೋಹಾ ಪೋಲ್ ಎಂಬ ಹೆಬ್ಬಾಗಿಲ ಬಳಿ. ಪಕ್ಕದ ಗೋಡೆಯಲ್ಲಿ ಪುಟ್ಟ ಪುಟ್ಟ ಅಂಗೈಗಳ ಗುರುತುಗಳಿವೆ. 1843ರಲ್ಲಿ ಮಹಾರಾಜ ಮಾನಸಿಂಹ ತೀರಿಕೊಂಡಾಗ ಅವನ ಚಿತೆಯೇರಿದವರ ಗುರುತುಗಳು ಅವು ಎನ್ನುತ್ತಾರೆ. ಬಂದವರು ಹೂವಿಟ್ಟು ಕೈಮುಗಿಯುವುದುಂಟು.

ನಾವೂ ಕೈಮುಗಿಯಬೇಕೇ? ಮುಗಿದರೆ ಆ ಪದ್ಧತಿಯನ್ನು ಹೊಗಳಿದಂತೆ. ಸುಮ್ಮನೆ ಮುಂದೆ ಹೋದರೆ ಸತ್ತವರನ್ನು ಕಡೆಗಣಿಸಿದಂತೆ.

‘ಅವರು ತಾವಾಗಿಯೇ ಹೋದರು’ ಎನ್ನುವವರಿದ್ದಾರೆ. ಉಳಿದರೆ ವಿಧವೆಯ ಬಾಳು, ಹೋದರೆ ದೇವತೆಯ ಪಟ್ಟ. ಇವೆರಡೇ ದಾರಿಗಳಿದ್ದಾಗ ಅದನ್ನು ಸ್ವಂತ ಇಚ್ಛೆ ಎನ್ನಲಾದೀತೇ?

ಇದು ರಾಜಸ್ಥಾನದ ಮಾತಷ್ಟೇ ಅಲ್ಲ. ಬಳೆ ತೊಟ್ಟ ಕೈಯನ್ನು ಎತ್ತಿ ತೋರಿಸುವ ಮಾಸ್ತಿಕಲ್ಲುಗಳು ನಮ್ಮ ಊರುಗಳಲ್ಲೂ ಇವೆ. ಹಳೆಯ ಕಾಲದ ಮಾತೂ ಅಲ್ಲ. 1987ರಲ್ಲಿ ದೇವರಾಲಾ ಎಂಬ ಹಳ್ಳಿಯಲ್ಲಿ ಹದಿನೆಂಟರ ರೂಪ್ ಕಂವರ್ ಗಂಡನ ಚಿತೆಯಲ್ಲಿ ಬೆಂದುಹೋದಳು. ಆಮೇಲೆ ಅವಳಿಗೆ ಜೈಕಾರ ಹಾಕಲು ಜನ ಸಾವಿರಗಟ್ಟಲೆ ನೆರೆದರು. ಅದೇ ವರ್ಷ ಬಂದ ಕಾನೂನು ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂದಿತು. ಹೊಗಳಿಕೆಯೂ ಒಂದು ಬಗೆಯ ಬೆಂಕಿಯೇ.

ನನಗನ್ನಿಸುವುದಿಷ್ಟು: ಮರುಗುವುದು ಬೇರೆ, ಪೂಜಿಸುವುದು ಬೇರೆ. ಪೂಜಿಸಿದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಮರುಗಿದರೆ ಅದು ಉಳಿಯುತ್ತದೆ. ‘ನೀನು ಬದುಕು ಅಂತ ಇವರಿಗೆ ಯಾರೂ ಹೇಳಲಿಲ್ಲವೇನಮ್ಮಾ?’ ಎಂದು ಮಗಳು ಆ ಗೋಡೆಯ ಮುಂದೆ ಕೇಳಿದರೆ, ಹೊತ್ತಾಯಿತೆಂದು ಅವಳನ್ನು ಮುಂದಕ್ಕೆ ಎಳೆಯದಿರೋಣ.